ಕರಿಮದ್ದಿನ ತೋಟಾ ತೊಳೆಯೋಕೆ ಲೆಮನ್ ಸಾಲ್ಟ್: 5ಕ್ಕೆ 4 ಸ್ಟಾರ್, ಆದ್ರೆ ನೀರು ಮೊದಲು

ತುಮಕೂರಿನ ಮಂಡಿಪೇಟೆ ಕಡೆ ದಿನಸಿ ಅಂಗಡೀಲಿ ಲೆಮನ್ ಸಾಲ್ಟ್ ಕೊಡಿ ಅಂದ್ರೆ ಸಕ್ಕರೆ ಥರ ಬಿಳಿ ಹರಳಿರೋ ಒಂದು ಸಣ್ಣ ಪ್ಯಾಕೆಟ್ ಕೊಡ್ತಾರೆ, ಅದರ ಮೇಲೆ ಸಿಟ್ರಿಕ್ ಆಸಿಡ್ ಅಂತ ಬರೆದಿರುತ್ತೆ. ಜನ ತಗೊಳ್ಳೋದು ಪನೀರ್ ಮಾಡೋಕೋ ಶರಬತ್ತಿಗೋ ಇಲ್ಲಾ ಗೀಸರ್ ಒಳಗಿನ ಬಿಳಿ ಪದರ ಬಿಡಿಸೋಕೋ. ನಾನು ತಗೊಂಡಿದ್ದು ಕೋವಿಯ ಹಿತ್ತಾಳೆ ತೋಟಾ ತೊಳೆಯೋಕೆ, ಅಂದ್ರೆ ಹೊಡೆದು ಖಾಲಿಯಾದ ತೋಟಾ, ತುಂಬಿರೋದನ್ನ ಯಾರೂ ನೀರಿಗೆ ಹಾಕೋಕೆ ಹೋಗ್ಬೇಡಿ.

ನಮ್ಮ ಚಿಕ್ಕಪ್ಪಂದು ಮಧುಗಿರಿ ಕಡೆ ಕಡ್ಲೆಕಾಯಿ ಹೊಲ, ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಹಳೇ ಸಿಂಗಲ್ ಬ್ಯಾರಲ್ 12 ಬೋರ್ ಕೋವಿ, ಅದರ ಜೊತೆ ತಾತನ ಕಾಲದ ಪೂರ್ತಿ ಹಿತ್ತಾಳೆ ತೋಟಾಗಳು. ಹಂದಿ ಬಂದಾಗ ಗಾಳೀಲಿ ಒಂದು ಢಂ ಅನ್ಸಿದ್ರೆ ಸಾಕು ಅವು ಓಡ್ತವೆ. ಈಗಿನ ಪ್ಲಾಸ್ಟಿಕ್ ತೋಟಾ ಹೊಡೆದ್ಮೇಲೆ ಬಿಸಾಕ್ತಾರೆ, ಇವು ಹಂಗಲ್ಲ, ಜೋಪಾನವಾಗಿ ಇಟ್ಕೊಂಡ್ರೆ ತಲೆಮಾರುಗಟ್ಟಲೆ ಬರ್ತವೆ. ಮದ್ದು ತುಂಬೋ ವಿಷಯ ಇಲ್ಲಿ ಬರೆಯಲ್ಲ, ಅದು ಲೈಸೆನ್ಸ್ ಇರೋರು ತಮ್ಮ ಲೈಸೆನ್ಸಲ್ಲಿ ಏನಿದೆ ನೋಡ್ಕೊಂಡು ಮಾಡೋ ಕೆಲಸ. ನನ್ನ ಪಾಲಿಗೆ ಬರೋದು ತೊಳೆಯೋದು ಅಷ್ಟೇ.

ತೊಳೆಯೋದೇನು ಮಹಾ, ದೇವರ ದೀಪ ಬೆಳಗಿದ ಹಂಗೆ ಅಲ್ವಾ ಅಂತ ಅಂದ್ಕೊಳ್ಳೋರು ಜಾಸ್ತಿ, ಆದ್ರೆ ಕರಿಮದ್ದಿನ ಮಸಿ ಬೇರೇನೇ ಜಾತಿ. ಕರಿಮದ್ದು ಅಂದ್ರೆ ಹಳೇ ಕಾಲದ ಕೋವಿ ಮದ್ದು, ಅದ್ರಲ್ಲಿ ಪೆಟ್ಲುಪ್ಪು (ಪೊಟ್ಯಾಶಿಯಂ ನೈಟ್ರೇಟ್) 75 ಭಾಗ, ಇದ್ದಿಲು 15, ಗಂಧಕ 10, ಉರಿದ್ಮೇಲೆ ಇದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಆಗೋದೇ ಇಲ್ಲ, ಗಟ್ಟಿ ಉಪ್ಪುಗಳಾಗಿ ಉಳ್ಕೊಳ್ಳುತ್ತೆ, ಆ ದಟ್ಟ ಬಿಳಿ ಹೊಗೆ ಅಂತ ಕಾಣೋದೂ ಮುಕ್ಕಾಲುಪಾಲು ಅದೇ ಪುಡಿ. ಪೊಟ್ಯಾಶಿಯಂ ಕಾರ್ಬೊನೇಟ್, ಸಲ್ಫೇಟ್, ಜೊತೆಗೆ ಒಂಚೂರು ಸಲ್ಫೈಡ್. ಕಾರ್ಬೊನೇಟು ಗಾಳೀಲಿರೋ ತೇವ ಎಳ್ಕೊಂಡು ಅಂಟಂಟಾಗುತ್ತೆ, ಸಲ್ಫೈಡು ಕೊಳೆತ ಮೊಟ್ಟೆ ವಾಸನೆ ಹೊಡೀತದೆ ಮತ್ತೆ ಹಿತ್ತಾಳೇನ ಕಪ್ಪು ಮಾಡುತ್ತೆ. ಎರಡು ದಿನ ಹಂಗೇ ಬಿಟ್ರೆ ಒಳಗಡೆ ಹಸಿರು ಕಿಲುಬು ಶುರು. ಒಳ್ಳೇ ಸುದ್ದಿ ಅಂದ್ರೆ ಈ ಉಪ್ಪೆಲ್ಲ ನೀರಲ್ಲಿ ಕರಗುತ್ತೆ, ಎಣ್ಣೆ ಸೀಮೆಎಣ್ಣೆಲಿ ಕರಗಲ್ಲ. ನಮ್ಮ ಊರಲ್ಲಿ ಸುಮಾರು ಜನ ಸೀಮೆಎಣ್ಣೆ ಬಟ್ಟೇಲಿ ಒರೆಸಿ ಇಟ್ಬಿಡ್ತಾರೆ, ಮೇಲೆ ಹೊಳೆಯುತ್ತೆ ಒಳಗೆ ತಿಂತಾ ಇರುತ್ತೆ.

ಅದಕ್ಕೇ ಸ್ಟಾರ್ ಕೊಡೋಕೆ ಮುಂಚೆ ಈ ಮಾತು: ಲೆಮನ್ ಸಾಲ್ಟ್ ಎರಡನೇ ಕೆಲಸಕ್ಕೆ, ಮೊದಲನೇ ಕೆಲಸ ಬಿಸಿನೀರು ಮತ್ತೆ ಪಾತ್ರೆ ತೊಳೆಯೋ ಲಿಕ್ವಿಡ್ಡೇ ಮಾಡೋದು. ಹೊಡೆದ ದಿನಾನೇ, ಹೊಲದಲ್ಲೇ ಒಂದು ಮುಚ್ಚಳ ಇರೋ ಡಬ್ಬೀಲಿ ಸೋಪಿನ ನೀರಿಟ್ಕೊಂಡು ಖಾಲಿ ತೋಟಾ ಅದರೊಳಗೆ ಹಾಕ್ಬಿಟ್ರೆ ಮನೆಗೆ ಬರೋಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತೆ, ನೀರು ಮಾತ್ರ ಕಪ್ಪಂದ್ರೆ ಕಪ್ಪು. ಆಮೇಲೆ ಹಿಂದುಗಡೆಯ ಹೊಡೆದ ಕೇಪು, ಅಂದ್ರೆ ಮದ್ದಿಗೆ ಕಿಡಿ ಹಚ್ಚೋ ಪುಟ್ಟ ಬಿಲ್ಲೆ, ಅದನ್ನ ತೆಗೆದು, ಮಗುವಿನ ಹಾಲಿನ ಬಾಟಲಿ ಬ್ರಷ್ ಬರುತ್ತಲ್ಲ ಅದರಲ್ಲಿ ಒಳಗಡೆ ತಿರುಗಿಸಿ ತೊಳೀಬೇಕು. ಕೇಪು ತೆಗೀದೆ ತೊಳೆದ್ರೆ ಆ ಗುಂಡೀಲಿ ನೀರು ನಿಂತು ಅಲ್ಲೇ ಕಿಲುಬು ಹಿಡಿಯುತ್ತೆ.

ಇಷ್ಟಾದ್ಮೇಲೆ ಲೆಮನ್ ಸಾಲ್ಟ್. ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ, ಪ್ಲಾಸ್ಟಿಕ್ ಟಬ್ಬಲ್ಲಿ, ಐದರಿಂದ ಹತ್ತು ನಿಮಿಷ. ಕಣ್ಣೆದುರಿಗೇ ಕಂದು ಬಣ್ಣ ಕರಗ್ತಾ ಹೋಗಿ ಹಳದಿ ಎದ್ದು ಬರುತ್ತೆ, ಅದು ನೋಡೋಕೆ ಮಜಾ, ನಮ್ಮ ಮನೆ ಹುಡುಗರು ಟಬ್ ಸುತ್ತ ನಿಂತ್ಕೊಂಡು ನೋಡ್ತಾವೆ. ಮೊದಲು ಮಸಿ ತೊಳೀದೆ ನೇರವಾಗಿ ಇದಕ್ಕೆ ಹಾಕಿದ್ರೆ ಕಾರ್ಬೊನೇಟು ಬುಸುಬುಸು ಅಂತ ನೊರೆ ಎದ್ದು ಅರ್ಧ ಆಸಿಡ್ಡು ಅಲ್ಲೇ ವೇಸ್ಟ್, ಸಲ್ಫೈಡಿಗೆ ಆಸಿಡ್ ತಾಗಿ ಮೊಟ್ಟೆ ವಾಸನೆ ಇನ್ನೂ ಜೋರಾಗುತ್ತೆ, ಆ ಗ್ಯಾಸು ಉಸಿರಾಡೋಕೂ ಒಳ್ಳೇದಲ್ಲ. ಅದಕ್ಕೇ ಮಹಡಿ ಮೇಲೆ ಬಯಲಲ್ಲಿ ಮಾಡಿ.

ಇದ್ರಲ್ಲಿ ತೋಟಾಗೆ ಅಪಾಯ ಅಂದ್ರೆ ಜಾಸ್ತಿ ಹೊತ್ತು ಬಿಡೋದು. ನಮ್ಮ ಚಿಕ್ಕಪ್ಪನ ಮಗ ಎರಡು ತೋಟಾ ರಾತ್ರಿ ಪೂರ್ತಿ ನೆನೆಸಿಟ್ಟಿದ್ದ, ಬೆಳಗ್ಗೆ ನೋಡಿದ್ರೆ ಗುಲಾಬಿ ಬಣ್ಣ! ತೋಟಾ ಹಿತ್ತಾಳೆ ಅಂದ್ರೆ ಸುಮಾರಾಗಿ 70 ಭಾಗ ತಾಮ್ರ 30 ಭಾಗ ಸತು, ಆಸಿಡ್ಡಲ್ಲಿ ಜಾಸ್ತಿ ಹೊತ್ತು ಇದ್ರೆ ಮೇಲ್ಮೈಯಿಂದ ಸತು ಹೊರಟೋಗಿ ತಾಮ್ರ ಮುಂದೆ ಬರುತ್ತೆ. ತೆಳ್ಳಗೆ ಮೇಲ್ಗಡೆ ಮಾತ್ರ ಆಗಿದ್ರೆ ತಿಕ್ಕಿದ್ರೆ ಹೋಗುತ್ತೆ, ಆದ್ರೆ ಅವನ ಆ ಎರಡನ್ನ ಚಿಕ್ಕಪ್ಪ ಬಳಸಲ್ಲ ಅಂದುಬಿಟ್ರು, ಈಗ ಅವು ಟಿವಿ ಸ್ಟ್ಯಾಂಡ್ ಮೇಲೆ ಶೋ ಪೀಸು.

ಹುಣಸೆಹಣ್ಣಿನ ಊರಲ್ಲಿದ್ಕೊಂಡು ದುಡ್ಡು ಕೊಟ್ಟು ಹುಳಿ ತರ್ತೀಯಲ್ಲೋ ಅಂತ ನಮ್ಮಮ್ಮನ ಕಂಪ್ಲೇಂಟು. ನ್ಯಾಯಾನೇ, ಸೀಸನ್ನಲ್ಲಿ ತುಮಕೂರಿನ ಎಪಿಎಂಸಿ ಕಡೆ ಹೋದ್ರೆ ಗಾಳೀಲೇ ಹುಳಿ ವಾಸನೆ, ಹುಣಸೆಯ ಟಾರ್ಟಾರಿಕ್ ಆಸಿಡ್ಡೂ ಹಿತ್ತಾಳೆ ಬೆಳಗುತ್ತೆ, ಚೊಂಬಿಗೆ ದೀಪಕ್ಕೆ ಅದಕ್ಕಿಂತ ಒಳ್ಳೇದಿಲ್ಲ. ತೋಟಾಗೆ ಮಾತ್ರ ಕಷ್ಟ. ನಾರು ತಿರುಳು ಒಳಗೆ ಮೂಲೇಲಿ ಕೇಪಿನ ಗುಂಡೀಲಿ ಸಿಕ್ಕಾಕ್ಕೊಳ್ಳುತ್ತೆ, ತೆಗೆಯೋಷ್ಟರಲ್ಲಿ ಸಾಕುಸಾಕಾಗುತ್ತೆ, ಮೇಲಾಗಿ ಹುಣಸೆ ಅಂದ್ರೆ ಕೈ ತಾನಾಗೇ ಉಪ್ಪಿನ ಡಬ್ಬಿಗೆ ಹೋಗುತ್ತೆ, ಆ ಉಪ್ಪು ಚೂರು ಉಳಿದ್ರೂ ಹಿತ್ತಾಳೆಗೆ ಶತ್ರು. ಪೀತಾಂಬರಿ ಥರದ ಪುಡಿಗೂ ಇದೇ ಮಾತು, ದೇವರ ಸಾಮಾನಿಗೆ ನಮ್ಮನೇಲೂ ಅದೇ, ತೋಟಾ ಒಳಗಿಂದ ಪುಡಿ ಪೂರ್ತಿ ತೊಳೆದು ತೆಗೆಯೋ ತಾಳ್ಮೆ ನನಗಿಲ್ಲ.

ಅಮೋನಿಯಾ ಘಾಟು ಬರೋ ಲಿಕ್ವಿಡ್ ಪಾಲಿಶ್ ಮಾತ್ರ ತೋಟಾ ಹತ್ರಾನೂ ತರಬೇಡಿ, ಬಾಗಿಲ ಹಿಡಿಗೆ ಬೇಕಾದ್ರೆ ಹಾಕಿ. ಇದಕ್ಕೆ ನಮ್ಮ ದೇಶದ್ದೇ ಒಂದು ಹಳೇ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆಯ ಹಿತ್ತಾಳೆ ತೋಟಾಗಳು ಮಳೆಗಾಲ ಬಂದ್ರೆ ತಾವಾಗೇ ಬಿರುಕು ಬಿಡ್ತಿದ್ವು, ಯಾರೂ ಮುಟ್ಟಿಲ್ಲ ಹೊಡೆದಿಲ್ಲ, ಪೆಟ್ಟಿಗೆ ತೆಗೆದು ನೋಡಿದ್ರೆ ಸೀಳು. ಕಾಲಕ್ಕೆ ಸರಿಯಾಗಿ ಬರೋದ್ರಿಂದ ಅದನ್ನ ಸೀಸನ್ ಕ್ರ್ಯಾಕಿಂಗ್ ಅಂತ ಕರೆದ್ರು. ತೋಟಾ ಇಡ್ತಿದ್ದದ್ದು ಕುದುರೆ ಲಾಯದಲ್ಲಿ, ಕುದುರೆ ಮೂತ್ರದಿಂದ ಏಳೋ ಅಮೋನಿಯಾ, ಮಳೆಗಾಲದ ತೇವ, ಜೊತೆಗೆ ತೋಟಾ ತಣ್ಣಗಿರೋವಾಗ ಎಳೆದು ಮಾಡಿರೋದ್ರಿಂದ ಲೋಹದೊಳಗೇ ಕೂತಿರೋ ಬಿಗಿತ, ಮೂರೂ ಸೇರಿದ್ರೆ ಬಿರುಕು. ಇದು ಸರಿಯಾಗಿ ಬಿಡಿಸಿ ಹೇಳಿದ್ದು 1921ರಲ್ಲಿ. ನಾನು ಇದನ್ನ ಚಿಕ್ಕಪ್ಪಂಗೆ ಹೇಳಿದಾಗ ಅವರು ನಕ್ಕು ನಮ್ಮಲ್ಲಿ ಕುದುರೆ ಎಲ್ಲೈತೋ ಅಂದ್ರು, ತೋಟಾ ಡಬ್ಬಿ ಇದ್ದಿದ್ದು ಕೊಟ್ಟಿಗೇಲಿ, ಯೂರಿಯಾ ಮೂಟೆ ಪಕ್ಕ! ಗಂಜಲದಿಂದ ಏಳೋದೂ ಅಮೋನಿಯಾನೇ, ಯೂರಿಯಾ ನೆಂದ್ರೆ ಬರೋದೂ ಅದೇ. ಡಬ್ಬೀನ ಅವತ್ತೇ ಮನೆಯೊಳಗಿನ ಬೀರುಗೆ ತಂದು ಬೀಗ ಹಾಕ್ಸಿದೆ. ತೋಟಾದ ಬಾಯಿ ಹತ್ರ ಉದ್ದಕ್ಕೆ ಕೂದಲೆಳೆ ಥರ ಗೆರೆ ಕಂಡ್ರೆ ಎಷ್ಟೇ ಹೊಳೀತಿರಲಿ ಅದು ಗುಜರಿಗೆ.

ತೊಳೆಯೋ ನೀರಿನ ವಿಷಯಾನೂ ಹೇಳ್ಬೇಕು. ಸಿಟಿ ಒಳಗೆ ಬುಗುಡನಹಳ್ಳಿ ಕೆರೆಯಿಂದ ಬರೋ ಹೇಮಾವತಿ ನೀರಾದ್ರೆ ಪರವಾಗಿಲ್ಲ, ಹಳ್ಳಿ ಕಡೆ ಬೋರ್‌ವೆಲ್ ನೀರು ಗಡಸು, ತೊಳೆದು ಒಣಗಿದ್ಮೇಲೆ ತೋಟಾ ಮೈತುಂಬ ಬಿಳಿ ಚುಕ್ಕೆ ನಿಲ್ಲುತ್ತೆ. ಕೊನೇ ಸಲ ಜಾಲಿಸೋಕೆ ಒಂದು ಚೊಂಬು ಆರ್‌ಒ ಫಿಲ್ಟರ್ ನೀರು ಬಳಸಿದ್ರೆ ಕಲೆ ಇಲ್ಲ. ಒಣಗಿಸೋದು ಪೇಪರ್ ಮೇಲೆ ಬೋರಲು ಹಾಕಿ ಬಿಸಿಲಲ್ಲಿ, ನಮ್ಮ ಕಡೆ ಮಾರ್ಚ್ ಬಿಸಿಲಿಗೆ ಮಧ್ಯಾಹ್ನದೊಳಗೆ ಖಡಕ್. ಬೇಗ ಆಗಲಿ ಅಂತ ಗ್ಯಾಸ್ ಒಲೆ ಮೇಲೆ ಇಟ್ಟೀರಾ, ಜಾಸ್ತಿ ಕಾಸಿದ್ರೆ ಹಿತ್ತಾಳೆ ಮೆತ್ತಗಾಗುತ್ತೆ, ಬುಡ ಮೆತ್ತಗಾದ ತೋಟಾ ಕೋವಿಗೆ ಹಾಕೋದು ಅಂದ್ರೆ ಕಣ್ಣಿನ ಜೊತೆ ಆಟ.

ಕೇಪಿನ ಮಸೀಲಿ ಸೀಸ ಇರುತ್ತೆ. ಟಬ್ಬು ಬ್ರಷ್ಷು ಚಮಚ ಎಲ್ಲ ಬೇರೆ ಇಡಿ, ಅಡುಗೆಮನೆ ಸಿಂಕಲ್ಲಿ ಮಾಡ್ಬೇಡಿ, ಆ ನೀರು ತರಕಾರಿ ಗಿಡಕ್ಕೆ ಹಾಕ್ಬೇಡಿ, ಗ್ಲೌಸ್ ಹಾಕ್ಕೊಳ್ಳಿ, ಹುಡುಗರು ನೋಡಲಿ ಆದ್ರೆ ಕೈ ಹಾಕೋದು ಬೇಡ.

ಬೆಂಗಳೂರಲ್ಲಿರೋ ಸ್ನೇಹಿತ ಒಬ್ಬ ಸ್ಟೀಲ್ ಪಿನ್ ಹಾಕಿ ತಿರುಗಿಸೋ ಟಂಬ್ಲರ್ ಮೆಷಿನ್ ತಗೊಂಡಿದ್ದಾನೆ, ಸಾವಿರಗಟ್ಟಲೆ ರೂಪಾಯಿ, ರಿಸಲ್ಟ್ ಮಾತ್ರ ಹೊಸ ತೋಟಾ ಥರ, ಒಳಗೂ ಹೊರಗೂ. ನೂರಾರು ತೋಟಾ ಇರೋರಿಗೆ ಸರಿ. ಒಂದು ಡಬ್ಬಿ ತೋಟಾಗೆ ಅದು ನನಗೆ ದುಂದು ಅನ್ನಿಸ್ತು, ಹೊಳಪಿಗೂ ಢಂ ಅನ್ನೋದಕ್ಕೂ ಸಂಬಂಧ ಇಲ್ಲ, ಒಳಗಡೆ ಒಂಚೂರು ಬೂದುಬಣ್ಣ ಉಳಿದ್ರೆ ಏನೂ ಆಗಲ್ಲ, ಉಪ್ಪು ಹೋಗಿರಬೇಕು ಅಷ್ಟೇ.

ಒಂದು ಸ್ಟಾರ್ ಯಾಕೆ ಕಟ್ ಅಂದ್ರೆ ಪ್ಯಾಕಿಂಗ್. ಒಂದ್ಸಲ ಕತ್ತರಿಸಿದ್ರೆ ಮತ್ತೆ ಮುಚ್ಚೋಕೆ ಆಗಲ್ಲ, ಮಳೆಗಾಲದಲ್ಲಿ ತೇವ ಹಿಡಿದು ಹೆಂಟೆ ಕಟ್ಟುತ್ತೆ. ಆನ್‌ಲೈನಲ್ಲಿ ಒಬ್ಬ ಸೆಲ್ಲರ್ ಹತ್ರ ಒಂದು ಕೇಜಿ ಪ್ಯಾಕ್ ತರಿಸಿದ್ದೆ, ಬರುವಾಗಲೇ ಕಲ್ಲಾಗಿತ್ತು, ರಿಟರ್ನ್ ಕೇಳಿದ್ರೆ ಫುಡ್ ಐಟಂ ವಾಪಸ್ ಇಲ್ಲ ಅಂದ್ರು. ಮಂಡಿಪೇಟೆ ಕಡೆಯ ಸಣ್ಣ ಪ್ಯಾಕೆಟ್ಟೇ ವಾಸಿ, ಒಂದು ಕಾಫಿ ತಿಂಡಿ ದುಡ್ಡಿಗೆ ಬರುತ್ತೆ, ಗಾಜಿನ ಬಾಟಲಿಗೆ ಸುರಿದು ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ, ನಮ್ಮನೇಲಿ ಸಕ್ಕರೆ ಅಂತ ಒಬ್ರು ಕಾಫಿಗೆ ಹಾಕ್ಕೊಂಡಿದ್ದಾರೆ.