ಕಿವಿಯ ಪಕ್ಕದ ಡಾಪ್ಲರ್: ಐದರಲ್ಲಿ ನಾಲ್ಕು ಸ್ಟಾರ್

ಆಸ್ಪತ್ರೆಯ ಹೆಸರು ಬೇಡ, ಮೆದುಳಿನ ರಕ್ತದ ಹರಿವನ್ನು ಶಬ್ದದ ತರಂಗದಿಂದ ಅಳೆಯುವ ಡಾಪ್ಲರ್ ಪರೀಕ್ಷೆಯ ಬಗ್ಗೆ ಮಾತ್ರ ಬರೀತೀನಿ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತಂಗಿಯ ಮಗನಿಗೆ ಮೆದುಳು ಜ್ವರ. ಆರು ವರ್ಷದವನು, ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ. ಸುಂಟಿಕೊಪ್ಪದಿಂದ ಮಡಿಕೇರಿ, ಅಲ್ಲಿಂದ ಮೈಸೂರು.

ಐಸಿಯುನಲ್ಲಿ ಡಾಕ್ಟರಮ್ಮ ಕಿವಿಯ ಮುಂದೆ, ಸ್ವಲ್ಪ ಮೇಲೆ ಜೆಲ್ ಹಚ್ಚಿ ಪೆನ್ನಿನಂಥ ಪ್ರೋಬ್ ಇಟ್ಟರು. ಅಲ್ಲಿ ಮೂಳೆ ತೆಳು, ಶಬ್ದದ ತರಂಗ ಒಳಗೆ ಹೋಗುತ್ತಂತೆ. ತಕ್ಷಣ ಸದ್ದು: ಹೂ ಅರಳಿಸುವ ಹೂಮಳೆ ಬಾರದ ವರ್ಷ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಲ್ಲ, ಛುಸ್ ಛುಸ್, ಥೇಟ್ ಹಾಗೇ. ಅದು ಅವನ ಮೆದುಳಿನ ರಕ್ತ! ತಂಗಿ ನನ್ನ ಕೈ ಹಿಡಿದವಳು ಬಿಡಲಿಲ್ಲ.

ಪರದೆಯ ಮೇಲೆ ಬೆಟ್ಟದ ಸಾಲು. ಒಂದೊಂದು ಎದೆಬಡಿತಕ್ಕೆ ಒಂದೊಂದು ಶಿಖರ. ತಲೆಯೊಳಗೆ ಒತ್ತಡ ಏರಿದರೆ ನಡುವಿನ ಕಣಿವೆ ಆಳವಾಗುತ್ತೆ. ಪರದೆಯ ಸೊನ್ನೆ ಗೆರೆಯ ಕೆಳಗೇ ಇಳಿದರೆ ರಕ್ತ ಹಿಂದಕ್ಕೆ ತಿರುಗುತ್ತಿದೆ ಅಂತ, ತೀರಾ ಅಪಾಯ. ಇವನದು ಆಳವಿತ್ತು, ಗೆರೆ ದಾಟಿರಲಿಲ್ಲ.

ಸೂಜಿ ಇಲ್ಲ, ವಿಕಿರಣ ಇಲ್ಲ, ಮಗುವನ್ನು ಅಲುಗಿಸಬೇಕಿಲ್ಲ. ದಿನಕ್ಕೆರಡು ಸಲ ನೋಡಿದರು. ಹಾಗಂತ ಸಿಟಿ ಸ್ಕ್ಯಾನ್ ತಪ್ಪಲಿಲ್ಲ. ಡಾಪ್ಲರ್ ಹರಿವಿನ ವೇಗ ಹೇಳುತ್ತೆ, ಬಾವು ಎಲ್ಲಿದೆ ಅಂತ ಹೇಳಲ್ಲ.

ಒಂದು ಸ್ಟಾರ್ ಕಡಿಮೆ ಯಾಕೆ? ಕೈಚಳಕದ ಕೆಲಸ ಇದು, ಭಾನುವಾರ ಡಾಕ್ಟರಮ್ಮ ಇಲ್ಲ, ಪರೀಕ್ಷೆಯೂ ಇಲ್ಲ. ಆ ದಿನ ಪೂರ್ತಿ ಮಾನಿಟರ್ ನೋಡ್ತಾ ಕೂತೆವು. ಒಂಬತ್ತನೇ ದಿನ ಕಣ್ಣು ಬಿಟ್ಟ, ಕಾವೇರಮ್ಮನ ದಯೆ. ಕೂದಲಿಗೆ ಅಂಟಿದ ಜೆಲ್ ಒರೆಸೋಕೆ ಹಳೇ ಪಂಚೆ ತಗೊಂಡು ಹೋಗಿ, ಅಲ್ಲಿ ಯಾರೂ ಕೊಡಲ್ಲ.