ಓಎಲ್‌ಇಡಿ ಅಲ್ಟ್ರಾವೈಡ್ ಮಾನಿಟರ್: ಹಣ ಕೊಡುವ ಮುಂಚೆ ಒಮ್ಮೆ ಇದನ್ನು ಓದಿ

34 ಇಂಚಿನ ಓಎಲ್‌ಇಡಿ ಅಲ್ಟ್ರಾವೈಡ್ (ಮಾಮೂಲಿ 16:9 ಪರದೆಗಿಂತ ಹೆಚ್ಚು ಅಗಲದ ಮಾನಿಟರ್) ಒಂದನ್ನು ದಿನಕ್ಕೆ ಎಂಟು ಗಂಟೆ ಆಫೀಸ್ ಕೆಲಸಕ್ಕೆ, ಸಂಜೆ ವಿಡಿಯೊ ನೋಡಲು ಬಳಸಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಒಂದು ಬೂದು ಚಿತ್ರ ಸಾಕು. ಪರದೆ ಪೂರ್ತಿ ತುಂಬುವಂತೆ ಮಧ್ಯಮ ಬೂದು ಬಣ್ಣ ತೆರೆಯಿರಿ, ಕೋಣೆಯ ದೀಪ ಆರಿಸಿ. ಕೆಟ್ಟ ಪ್ಯಾನೆಲ್‌ನಲ್ಲಿ ಮೂರು ಗುರುತುಗಳು ಕಾಣುತ್ತವೆ. ಕೆಳ ಅಂಚಿನುದ್ದಕ್ಕೂ 48 ಪಿಕ್ಸೆಲ್ ಎತ್ತರದ ಪಟ್ಟಿ: ವಿಂಡೋಸ್ 11ರ ಟಾಸ್ಕ್‌ಬಾರ್. ನಟ್ಟನಡುವೆ, 1720ನೇ ಪಿಕ್ಸೆಲ್ ಹತ್ತಿರ, ಮೇಲಿಂದ ಕೆಳಗೆ ಎಳೆದಂತೆ ಒಂದು ಸಣ್ಣ ಗೆರೆ: ಎರಡು ವಿಂಡೋಗಳನ್ನು ಸದಾ ಅಕ್ಕಪಕ್ಕ ಇಟ್ಟುಕೊಂಡಿದ್ದರ ಫಲ. ಎಡಕ್ಕೂ ಬಲಕ್ಕೂ 440 ಪಿಕ್ಸೆಲ್ ಅಗಲದ ಭಾಗ ನಡುಭಾಗಕ್ಕಿಂತ ತುಸು ಹೆಚ್ಚು ಹೊಳೆಯುತ್ತಿದ್ದರೆ, ಅದು 16:9 ವಿಡಿಯೊಗಳ ಕೊಡುಗೆ. 3440 ಅಗಲದ ಪರದೆಯಲ್ಲಿ 16:9 ಚಿತ್ರ ತುಂಬುವುದು 2560 ಪಿಕ್ಸೆಲ್ ಮಾತ್ರ. ಉಳಿದ 880 ಪಿಕ್ಸೆಲ್ ಎರಡು ಕಪ್ಪು ಕಂಬಗಳಾಗಿ ಸುಮ್ಮನೆ ಕೂತಿರುತ್ತವೆ, ಸವೆಯುವುದಿಲ್ಲ.

ಈ ಗುರುತುಗಳಿಗೆ ಬರ್ನ್-ಇನ್ ಎಂದು ಹೆಸರು. ಹಾಗೆಂದರೆ ಪರದೆ ಎಲ್ಲೋ ಸುಟ್ಟುಹೋಗುವುದು ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಅದರ ಸಾವಯವ ಪದರ ಕ್ಷೀಣಿಸುತ್ತದೆ. ಎಲ್ಲ ಪಿಕ್ಸೆಲ್‌ಗಳೂ ಸಮನಾಗಿ ಕ್ಷೀಣಿಸಿದರೆ ಪರದೆ ಸ್ವಲ್ಪ ಮಂಕಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಬೀಳುವುದು ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸ. ಆದ್ದರಿಂದಲೇ 'ಡಾರ್ಕ್ ಮೋಡ್ ಹಾಕಿದ್ದೇನೆ, ಇನ್ನು ಭಯವಿಲ್ಲ' ಎಂಬ ಮಾತು ಅರ್ಧ ಸತ್ಯ. ಟಾಸ್ಕ್‌ಬಾರ್ ಸದಾ ಕಪ್ಪು, ಅದರ ಮೇಲೆ ದಿನವಿಡೀ ಬಿಳಿ ಸ್ಪ್ರೆಡ್‌ಶೀಟ್ ಇದ್ದರೆ ಅದೇ ಗುರುತು ತಿರುಗುಮುರುಗಾಗಿ ಮೂಡುತ್ತದೆ: ಪಟ್ಟಿ ಹೊಳಪಾಗಿ, ಉಳಿದ ಪರದೆ ಮಂಕಾಗಿ, ಪಟ್ಟಿಯೊಳಗೆ ಐಕಾನ್‌ಗಳ ಜಾಗದಲ್ಲಿ ಚುಕ್ಕೆಗಳು. ಡಾರ್ಕ್ ಮೋಡ್ ಹಾಕುವುದಾದರೆ ಬ್ರೌಸರ್, ಡಾಕ್ಯುಮೆಂಟ್, ಎಡಿಟರ್ ಎಲ್ಲಕ್ಕೂ ಹಾಕಬೇಕು. ಇಲ್ಲವೇ ಟಾಸ್ಕ್‌ಬಾರನ್ನು ಆಟೋ-ಹೈಡ್‌ಗೆ ಹಾಕಿ ವ್ಯತ್ಯಾಸದ ಮೂಲವನ್ನೇ ತೆಗೆಯಬೇಕು.

ಮಾಮೂಲಿ 16:9 ಓಎಲ್‌ಇಡಿಗಿಂತ ಅಲ್ಟ್ರಾವೈಡ್ ಬೇಗ ಗುರುತು ಹಿಡಿಯಲು ಆಕಾರವೇ ಕಾರಣ. ಈ ಅಗಲಕ್ಕೆ ಹೇಳಿ ಮಾಡಿಸಿದ ವಿಡಿಯೊ ಕಡಿಮೆ, ಹಳೆಯ ಆಟಗಳು ಬದಿಯಲ್ಲಿ ಕಪ್ಪು ಬಿಡುತ್ತವೆ, ಕೆಲಸದಲ್ಲಿ ಎಲ್ಲರೂ ವಿಂಡೋಗಳನ್ನು ಅರ್ಧರ್ಧ ಅಥವಾ ಮೂರು ಪಾಲು ಮಾಡಿ ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ. ಪಿಕ್ಸೆಲ್ ಶಿಫ್ಟ್ ಎಂಬ ಸೌಲಭ್ಯ ಇದನ್ನು ತಡೆಯುವುದಿಲ್ಲ. ಅದು ಇಡೀ ಚಿತ್ರವನ್ನು ಕೆಲವೇ ಪಿಕ್ಸೆಲ್ ಅತ್ತಿತ್ತ ಸರಿಸುತ್ತದೆ. 440 ಪಿಕ್ಸೆಲ್ ಕಂಬದ ಅಂಚು ಮಸುಕಾಗಬಹುದು, ಕಂಬ ಹೋಗುವುದಿಲ್ಲ.

ಈಗ ಪ್ಯಾನೆಲ್‌ಗಳನ್ನು ಕೆಡಿಸುವ ಒಂದು ಅಭ್ಯಾಸದ ವಿಷಯ. ಕೆಲಸ ಮುಗಿದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡಿನ ಸ್ವಿಚ್ ಆರಿಸಿ ಎದ್ದುಹೋಗುವುದು. ಸಾಮಾನ್ಯ ಎಲ್‌ಸಿಡಿಗೆ ಇದರಿಂದ ಏನೂ ಆಗದು. ಓಎಲ್‌ಇಡಿಗೆ ಹಾಗಲ್ಲ. ಹೆಚ್ಚಿನ ಮಾದರಿಗಳಲ್ಲಿ ಒಟ್ಟು ಸುಮಾರು ನಾಲ್ಕು ಗಂಟೆ ಬಳಸಿದ ಮೇಲೆ, ಪರದೆ ಸ್ಟ್ಯಾಂಡ್‌ಬೈಗೆ ಹೋದಾಗ ಪಿಕ್ಸೆಲ್ ರಿಫ್ರೆಶ್ ತಾನಾಗಿ ಶುರುವಾಗುತ್ತದೆ. ಆರರಿಂದ ಹತ್ತು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಪ್ರತಿ ಪಿಕ್ಸೆಲ್‌ನ ಹಿಂದಿರುವ ಟ್ರಾನ್ಸಿಸ್ಟರ್‌ನ ವೋಲ್ಟೇಜ್ ಎಷ್ಟು ಜಾರಿದೆ ಎಂದು ಅಳೆದು ಸರಿಪಡಿಸಲಾಗುತ್ತದೆ. ಹೊರಗಿನಿಂದ ಕಾಣುವುದು ಮಿನುಗುವ ಎಲ್‌ಇಡಿ ದೀಪ ಮಾತ್ರ. ಸ್ವಿಚ್ ಆರಿಸಿದರೆ ಈ ಕೆಲಸ ನಡೆಯುವುದೇ ಇಲ್ಲ. ಬಾಕಿ ಉಳಿದದ್ದು ಸೇರುತ್ತಾ ಹೋಗಿ ಮೊದಲು ಲಂಬ ಪಟ್ಟಿಗಳಾಗಿ, ಆಮೇಲೆ ಹೋಗದ ನೆರಳುಗಳಾಗಿ ಕಾಣಿಸಿಕೊಳ್ಳುತ್ತದೆ.

ಇದರ ಜತೆಗೆ ದೊಡ್ಡ ಪ್ಯಾನೆಲ್ ರಿಫ್ರೆಶ್ ಕೂಡ ಇದೆ. ಕೆಲವು ಮಾದರಿಗಳಲ್ಲಿ 1500 ಗಂಟೆಗೊಮ್ಮೆ, ಸುಮಾರು ಒಂದು ಗಂಟೆಯ ಕೆಲಸ. ದಿನಕ್ಕೆ ಎಂಟು ಗಂಟೆ ಬಳಸುವವರಿಗೆ ಆರು ತಿಂಗಳಿಗೊಮ್ಮೆ ಎಂದಾಯಿತು. ಪರದೆಯಲ್ಲಿ ನೋಟಿಸ್ ಬಂದಾಗ 'ಆಮೇಲೆ' ಒತ್ತುತ್ತಲೇ ಹೋಗುವವರು ಬಹಳ. ನೆರಳು ಮೂಡಿದ ಮೇಲೆ ಗಾಬರಿಯಾಗಿ ಇದನ್ನೇ ದಿನಾ ಕೈಯಾರೆ ಓಡಿಸುವವರೂ ಇದ್ದಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಸವೆದ ಸಾವಯವ ಪದರ ಮತ್ತೆ ಬೆಳೆಯುವುದಿಲ್ಲ. ದೊಡ್ಡ ರಿಫ್ರೆಶ್ ಮಾಡುವುದು ಇಷ್ಟೇ: ಸವೆದ ಪಿಕ್ಸೆಲ್‌ಗೆ ಹೆಚ್ಚು ಕರೆಂಟು ಕೊಟ್ಟು ಉಳಿದವುಗಳ ಮಟ್ಟಕ್ಕೆ ತರುವುದು. ಆ ಹೆಚ್ಚುವರಿ ಕರೆಂಟಿನ ಮೀಸಲು ಮುಗಿದರೆ ಅಲ್ಲಿಗೆ ಮುಗಿಯಿತು. ಅದು ದಿನನಿತ್ಯದ ಬಳಕೆಗೆ ಇಟ್ಟಿದ್ದಲ್ಲ.

ಹಾಗಾಗಿ ಮಾನಿಟರ್‌ಗೆ ಸದಾ ಕರೆಂಟಿರುವ ಪ್ಲಗ್ ಬೇಕು. ಕಂಪ್ಯೂಟರ್‌ನಲ್ಲಿ ಡಿಸ್‌ಪ್ಲೇ ಆಫ್ ಆಗುವ ಸಮಯವನ್ನು ಮೂರರಿಂದ ಐದು ನಿಮಿಷಕ್ಕೆ ಇಡಿ. ಸ್ಕ್ರೀನ್‌ಸೇವರ್ ಬೇಡ: ಓಡಾಡುವ ಚಿತ್ರ ಕೂಡ ಪಿಕ್ಸೆಲ್ ಉರಿಸುತ್ತದೆ, ಅದು ಓಡುವಷ್ಟು ಹೊತ್ತು ರಿಫ್ರೆಶ್ ಶುರುವಾಗುವುದಿಲ್ಲ. ಐದು ನಿಮಿಷ ಕಳೆದರೂ ಪರದೆ ಆರದಿದ್ದರೆ ಯಾವುದೋ ಪ್ರೋಗ್ರಾಂ ಅದನ್ನು ಎಚ್ಚರವಾಗಿ ಹಿಡಿದಿಟ್ಟಿದೆ ಎಂದರ್ಥ. ಮೀಟಿಂಗ್ ಆ್ಯಪ್‌ಗಳು, ನಡುವೆ ನಿಲ್ಲಿಸಿಟ್ಟ ವಿಡಿಯೊ ಪ್ಲೇಯರ್‌ಗಳು ಹೀಗೆ ಮಾಡುವುದುಂಟು.

ಹೊಳಪಿನ ಬಗ್ಗೆ ಒಂದೇ ಮಾತು: ಅದು ಎರಡರಷ್ಟಾದರೆ ಸವೆತ ಎರಡರಷ್ಟಕ್ಕಿಂತ ಹೆಚ್ಚಾಗುತ್ತದೆ. ಆಫೀಸ್ ಕೆಲಸಕ್ಕೆ 120 ನಿಟ್ (ಹೊಳಪಿನ ಅಳತೆ) ಆಸುಪಾಸು ಧಾರಾಳ ಸಾಕು. ಅದು ಸಾಲದು ಎನಿಸುವಷ್ಟು ಬೆಳಕಿರುವ ಕೋಣೆಗೆ ಓಎಲ್‌ಇಡಿ ತರಲೇಬೇಡಿ.

ಬರ್ನ್-ಇನ್ ನಿಧಾನವಾಗಿ ಬರುವ ಕಷ್ಟ. ಮೊದಲ ವಾರದಲ್ಲೇ ಬೇಸರ ತರುವಂಥವು ಬೇರೆ ಇವೆ. ಅವನ್ನು ರಿಟರ್ನ್ ಅವಧಿಯೊಳಗೆ ಕಂಡುಹಿಡಿಯದಿದ್ದರೆ ಮುಂದೆ ಯಾರೂ ಕೇಳುವುದಿಲ್ಲ, ಏಕೆಂದರೆ ಇವು ದೋಷಗಳಲ್ಲ, ತಂತ್ರಜ್ಞಾನದ ಗುಣ. ವಾರಂಟಿಗೆ ಸೇರುವುದಿಲ್ಲ.

ಅಕ್ಷರಗಳನ್ನೇ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ಅಕ್ಷರಗಳ ಅಂಚು ನುಣುಪಾಗಿಸುವ ಕ್ಲಿಯರ್‌ಟೈಪ್, ಪ್ರತಿ ಪಿಕ್ಸೆಲ್‌ನೊಳಗಿನ ಕೆಂಪು-ಹಸಿರು-ನೀಲಿ ಸಬ್‌ಪಿಕ್ಸೆಲ್‌ಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿವೆ ಎಂದು ನಂಬಿ ಅಕ್ಷರ ಬಿಡಿಸುತ್ತದೆ. 2022ರಲ್ಲಿ ಡೆಲ್ ಏಲಿಯನ್‌ವೇರ್‌ನೊಂದಿಗೆ ಮಾನಿಟರ್‌ಗಳಿಗೆ ಬಂದ ಕ್ಯೂಡಿ-ಓಎಲ್‌ಇಡಿ (ಕ್ವಾಂಟಮ್ ಡಾಟ್ ಬಳಸುವ ಓಎಲ್‌ಇಡಿ) ಪ್ಯಾನೆಲ್‌ನಲ್ಲಿ ಸಬ್‌ಪಿಕ್ಸೆಲ್‌ಗಳು ತ್ರಿಕೋನವಾಗಿ ಕೂತಿವೆ, ಹಸಿರು ಮೇಲೆ, ಕೆಂಪು ಮತ್ತು ನೀಲಿ ಕೆಳಗೆ. ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ವಿಂಡೋ ಇಟ್ಟು ಕಣ್ಣನ್ನು ಪರದೆಯ ಹತ್ತಿರ ತನ್ನಿ: ಮೇಲಂಚಿನಲ್ಲಿ ಹಸಿರು ಎಳೆ, ಕೆಳ ಅಂಚಿನಲ್ಲಿ ಕೆನ್ನೇರಳೆ ಎಳೆ ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದು ಬಗೆಯಾದ ಡಬ್ಲ್ಯೂಓಎಲ್‌ಇಡಿಯಲ್ಲಿ ನಾಲ್ಕನೆಯದಾಗಿ ಬಿಳಿ ಸಬ್‌ಪಿಕ್ಸೆಲ್ ಸೇರಿರುವುದರಿಂದ ಬಣ್ಣ ಅಕ್ಷರದ ಬದಿಗಳಲ್ಲಿ ಇಣುಕುತ್ತದೆ. ಆಟದಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಸಣ್ಣ ಅಕ್ಷರಗಳ ಕೋಡ್ ಅಥವಾ ಲೆಕ್ಕದ ಹಾಳೆ ನೋಡುವವರಿಗೆ ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ. ಕ್ಲಿಯರ್‌ಟೈಪ್ ಆಫ್ ಮಾಡಿ ಗ್ರೇಸ್ಕೇಲ್‌ಗೆ (ಬಣ್ಣ ಬಳಸದ ನುಣುಪಿಗೆ) ಹೋಗುವುದು, ಮ್ಯಾಕ್‌ಟೈಪ್ ಎಂಬ ತಂತ್ರಾಂಶ ಹಾಕಿಕೊಳ್ಳುವುದು, ಸ್ಕೇಲಿಂಗ್ ಶೇಕಡಾ 125ಕ್ಕೆ ಏರಿಸುವುದು: ಈ ಮೂರರಿಂದ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮ್ಯಾಕ್ ಬಳಸುವವರಿಗೆ ಕಿರಿಕಿರಿ ಸ್ವಲ್ಪ ಕಡಿಮೆ, 2018ರ ಮೊಹಾವಿ ಆವೃತ್ತಿಯಿಂದ ಆಪಲ್ ಸಬ್‌ಪಿಕ್ಸೆಲ್ ವಿಧಾನವನ್ನೇ ಬಿಟ್ಟಿದೆ.

ಗಾತ್ರವನ್ನು ನೋಡಿ ಮರುಳಾಗಬೇಡಿ. 3440×1440 ರೆಸಲ್ಯೂಶನ್ 34 ಇಂಚಿನಲ್ಲಿ ಇಂಚಿಗೆ ಸುಮಾರು 110 ಪಿಕ್ಸೆಲ್. ಅದೇ ರೆಸಲ್ಯೂಶನ್ 45 ಇಂಚಿಗೆ ಹಿಗ್ಗಿದರೆ 83ರ ಆಸುಪಾಸು. ಅದರ ಮೇಲೆ 800ಆರ್ ಬಾಗು (800 ಮಿಲಿಮೀಟರ್ ತ್ರಿಜ್ಯದ ವೃತ್ತದಷ್ಟು): ಸರಳರೇಖೆಗಳೊಡನೆ ಕೆಲಸ ಮಾಡುವ ಡಿಸೈನರ್‌ಗಳಿಗೆ ನರಕ. ಕೆಲಸ ಮತ್ತು ಆಟ ಎರಡೂ ಬೇಕೆನ್ನುವವರು 34 ಇಂಚು, ಇಲ್ಲವೇ 5120×1440ರ 49 ಇಂಚು ನೋಡಬಹುದು. 45 ಇಂಚೇ ಬೇಕೆಂದರೆ 5120×2160 ಇರುವುದನ್ನಷ್ಟೇ ನೋಡಿ.

ಅಂಗಡಿಯಲ್ಲಿ ದೀಪ ತಗ್ಗಿಸಿ ತೋರಿಸುವ ಕಪ್ಪು ನಿಮ್ಮ ಮೇಜಿನ ಮೇಲೆ ಇರುತ್ತದೆಂಬ ಖಾತ್ರಿ ಇಲ್ಲ. ಕ್ಯೂಡಿ-ಓಎಲ್‌ಇಡಿಯಲ್ಲಿ ಹೊರಗಿನ ಬೆಳಕಿನ ಪ್ರತಿಫಲನ ತಗ್ಗಿಸುವ ಪೋಲರೈಸರ್ ಪದರ ಇಲ್ಲ. ಕಿಟಕಿಯ ಬೆಳಕು ಅಥವಾ ತಲೆಯ ಮೇಲಿನ ದೀಪ ನೇರವಾಗಿ ಬಿದ್ದರೆ ಕಪ್ಪು ಬೂದಾಗುತ್ತದೆ, ತುಸು ನೇರಳೆಗೆ ತಿರುಗುತ್ತದೆ. ಕೋಣೆ ಕತ್ತಲು ಮಾಡದೆ ಇದಕ್ಕೆ ಮದ್ದಿಲ್ಲ.

ಬಿಳಿ ಪುಟ ತೆರೆದಾಗ ಪರದೆ ತಾನೇ ಮಂಕಾಗುವುದು ಎಬಿಎಲ್ (ಆಟೋಮ್ಯಾಟಿಕ್ ಬ್ರೈಟ್‌ನೆಸ್ ಲಿಮಿಟರ್). ಪೂರ್ತಿ ಪರದೆ ಬಿಳಿಯಾದರೆ ವಿದ್ಯುತ್ ಮಿತಿ ದಾಟುತ್ತದೆಂದು ಮಾನಿಟರ್ ಹೊಳಪನ್ನು ಇಳಿಸುತ್ತದೆ. ಪೆಟ್ಟಿಗೆಯ ಮೇಲಿನ 1000 ನಿಟ್ ಪರದೆಯ ಶೇಕಡಾ ಎರಡು ಮೂರರಷ್ಟು ಜಾಗಕ್ಕೆ ಅನ್ವಯಿಸುವ ಸಂಖ್ಯೆ. ಅದೇ ಪ್ಯಾನೆಲ್ ಪೂರ್ತಿ ಬಿಳಿಯಲ್ಲಿ 250ರ ಹತ್ತಿರ ನಿಲ್ಲುತ್ತದೆ. ಎಸ್‌ಡಿಆರ್‌ನಲ್ಲಿ (ಸಾಮಾನ್ಯ ಹೊಳಪಿನ ವಿಧಾನದಲ್ಲಿ) 'ಯೂನಿಫಾರ್ಮ್ ಬ್ರೈಟ್‌ನೆಸ್' ಆಯ್ಕೆ ಇದ್ದರೆ ಆನ್ ಮಾಡಿ, ವಿಂಡೋ ಹಿಗ್ಗಿಸಿದಾಗ ಏರಿಳಿತ ನಿಲ್ಲುತ್ತದೆ. ಕೆಲಸದ ಹೊತ್ತಿನಲ್ಲಿ ಎಚ್‌ಡಿಆರ್ (ಹೊಳಪು-ಕತ್ತಲೆಯ ವ್ಯಾಪ್ತಿ ಹಿಗ್ಗಿಸುವ ವಿಧಾನ) ಬೇಡವೇ ಬೇಡ. ಸಾಮಾನ್ಯ ಚಿತ್ರಗಳ ಕಡುಛಾಯೆ ಅದರಲ್ಲಿ ತೆಳುವಾಗಿ ಕಾಣುತ್ತದೆ.

ಆಟಗಾರರು ದೂರುವುದು ವಿಆರ್‌ಆರ್ (ಆಟದ ಫ್ರೇಮ್ ದರಕ್ಕೆ ತಕ್ಕಂತೆ ರಿಫ್ರೆಶ್ ದರ ಬದಲಿಸುವ ಸೌಲಭ್ಯ) ಫ್ಲಿಕರ್ ಬಗ್ಗೆ. ಫ್ರೇಮ್ ದರ ಏರಿಳಿದಂತೆ ಪರದೆಯ ರಿಫ್ರೆಶ್ ದರವೂ ಬದಲಾಗುತ್ತದೆ, ಆದರೆ ಪ್ಯಾನೆಲ್‌ನ ಗಾಮಾ (ಹೊಳಪಿನ ಮಟ್ಟಗಳ) ಹೊಂದಾಣಿಕೆ ಆಗಿರುವುದು ನಿಶ್ಚಿತ ದರಕ್ಕೆ. ಕಡುಬೂದು ದೃಶ್ಯಗಳಲ್ಲಿ, ಲೋಡಿಂಗ್ ಪರದೆಗಳಲ್ಲಿ ಮಿಣುಕು ಕಾಣುವುದು ಅದಕ್ಕೇ. ಪರದೆಯ ಗರಿಷ್ಠಕ್ಕಿಂತ ಕೆಳಗೆ, ನಿಮ್ಮ ಯಂತ್ರ ಸಲೀಸಾಗಿ ತಲುಪುವ ಒಂದು ಸಂಖ್ಯೆಗೆ ಫ್ರೇಮ್ ಮಿತಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಆ ಆಟಕ್ಕೆ ಮಾತ್ರ ವಿಆರ್‌ಆರ್ ಆಫ್.

ಕೇಬಲ್ ಬಗ್ಗೆಯೂ ಮೋಸ ಹೋಗುತ್ತಾರೆ. ಡಿಎಸ್‌ಸಿ (ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ) ಇಲ್ಲದ ಡಿಸ್‌ಪ್ಲೇಪೋರ್ಟ್ 1.4ರಲ್ಲಿ 3440×1440 ಚಿತ್ರ 175 ಹರ್ಟ್ಸ್‌ನಲ್ಲಿ 10 ಬಿಟ್ ಬಣ್ಣದಲ್ಲಿ ಹೋಗುವುದಿಲ್ಲ. 144ಕ್ಕೆ ಇಳಿಸಬೇಕು, ಇಲ್ಲವೇ 8 ಬಿಟ್‌ಗೆ. ಎಚ್‌ಡಿಎಂಐ 2.0 ಪೋರ್ಟ್ ಇರುವ ಮಾನಿಟರ್‌ನಲ್ಲಿ ಅದರ ಮೂಲಕ 100 ಹರ್ಟ್ಸ್‌ಗೆ ತೃಪ್ತಿಪಡಬೇಕು.

ಮಾನಿಟರ್ ಬಂದ ದಿನವೇ ಪರೀಕ್ಷೆ ಮಾಡಿ. ಜೋಡಿಸುವಾಗ ಪ್ಯಾನೆಲನ್ನು ಪೆಟ್ಟಿಗೆಯ ಫೋಮ್‌ನಿಂದ ಎತ್ತದೆ, ಮುಖ ಕೆಳಗಾಗಿ ಇಟ್ಟೇ ಸ್ಟ್ಯಾಂಡ್ ಹಾಕಿ. ಬೆರಳಿನಿಂದ ಗಾಜಿನ ಮುಖ ಒತ್ತಿ ಎತ್ತುವುದರಿಂದಲೇ ಎಷ್ಟೋ ಪರದೆಗಳು ಹಾಳಾಗಿವೆ. ಅರ್ಧ ಗಂಟೆ ಓಡಿಸಿದ ಮೇಲೆ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಪೂರ್ಣ ಪರದೆಗಳನ್ನು ಒಂದೊಂದಾಗಿ ತೆರೆದು ಸತ್ತ ಪಿಕ್ಸೆಲ್ ಹುಡುಕಿ. ಆಮೇಲೆ ಶೇಕಡಾ 5ರ ಬೂದು, ಕತ್ತಲಲ್ಲಿ. ಲಂಬ ಪಟ್ಟಿಗಳು ಸ್ವಲ್ಪ ಇದ್ದೇ ಇರುತ್ತವೆ, ಒಂದು ಪಿಕ್ಸೆಲ್ ರಿಫ್ರೆಶ್ ಆದ ಮೇಲೆ ಮತ್ತೆ ನೋಡಿ. ಆಗಲೂ ಸಿನಿಮಾದ ಕತ್ತಲ ದೃಶ್ಯದಲ್ಲಿ ಪಟ್ಟಿ ಎದ್ದು ಕಂಡರೆ ಹಿಂದಿರುಗಿಸಿ. ಶೇಕಡಾ 50ರ ಬೂದು ಪರದೆಯ ಒಂದು ಫೋಟೊವನ್ನು ಎಕ್ಸ್‌ಪೋಶರ್ ಲಾಕ್ ಮಾಡಿ ತೆಗೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಬೇರೆ ಆಧಾರ ಸಿಗುವುದಿಲ್ಲ.

ವಾರಂಟಿ ಕಾಗದದಲ್ಲಿ 'ಬರ್ನ್-ಇನ್' ಎಂಬ ಪದ ಇದೆಯೇ ಎಂದು ಕೊಳ್ಳುವ ಮುಂಚೆಯೇ ಹುಡುಕಿ. ಕೆಲವು ತಯಾರಕರು ಮೂರು ವರ್ಷ ಕೊಡುತ್ತಾರೆ, ಆದರೆ ಒಂದೇ ಮಾದರಿಗೆ ಎಲ್ಲ ದೇಶದಲ್ಲೂ ಅದೇ ಷರತ್ತು ಇರಬೇಕೆಂದಿಲ್ಲ. ಮಾರಾಟಗಾರರ ಬಾಯಿಮಾತು ಬೇಡ, ಬರೆದಿದ್ದು ಬೇಕು. ಪೆಟ್ಟಿಗೆ, ಫೋಮ್ ಎಸೆಯಬೇಡಿ: ಬಾಗಿದ ಪ್ಯಾನೆಲ್ ಬೇರೆ ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿ ಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ: ಜಾಹೀರಾತಿನ ಫೋಟೊದಲ್ಲಿ ಕಪ್ಪು ಪರದೆ ಅಥವಾ ಬಣ್ಣಬಣ್ಣದ ವಾಲ್‌ಪೇಪರ್ ಮಾತ್ರ ಇದ್ದರೆ ಅದು ಏನನ್ನೂ ಹೇಳುವುದಿಲ್ಲ. ಬೂದು, ಕೆಂಪು, ಹಸಿರು, ನೀಲಿ ಪೂರ್ಣ ಪರದೆಗಳ ಫೋಟೊ ಕೇಳಿ, ಮೆನುವಿನಲ್ಲಿ ಬಳಕೆಯ ಗಂಟೆ ತೋರಿಸುವ ಮಾದರಿಯಾದರೆ ಅದನ್ನೂ ಕೇಳಿ. ಒರೆಸಿದ ಗೀರು ಇದೆಯೇ ಎಂದು ಆರಿಸಿದ ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮೊದಲ ಕ್ಯೂಡಿ-ಓಎಲ್‌ಇಡಿಗಳ ಮೇಲ್ಪದರ ಮೆದು. ಮನೆಗೆ ತಂದ ಮೇಲೂ ಒಣ ಮೈಕ್ರೋಫೈಬರ್ ಬಟ್ಟೆಯಿಂದಲೇ ಒರೆಸಿ. ಕಲೆ ಹೋಗದಿದ್ದರೆ ಬಟ್ಟೆಗೆ ಡಿಸ್ಟಿಲ್ಡ್ ನೀರು ಹನಿಸಿ, ಪರದೆಗೆ ನೇರವಾಗಿ ಸಿಂಪಡಿಸಬೇಡಿ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಅಸಿಟೋನ್ ಹತ್ತಿರಕ್ಕೂ ತರಬಾರದು.