ಹಾಡು ಕಟ್ ಕಟ್ ಆಗ್ತಿದ್ಯಾ? ಮೊದಲು ಲೇಟೆನ್ಸಿಮಾನ್ ಓಡಿಸಿ ನೋಡಿ

ಡೆಸ್ಕ್‌ಟಾಪ್‌ನಲ್ಲಿ ಹಾಡು ಕೇಳುವಾಗ ನಡುನಡುವೆ ಟಪ್ ಟಪ್ ಅಂತ ಸದ್ದು, ಇಲ್ಲವೇ ಅರೆಕ್ಷಣ ಹಾಡೇ ಮಾಯ. ಈ ಕಾಟಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ ಥರ ಇರುತ್ತದೆ: ರ‍್ಯಾಮ್ ಜಾಸ್ತಿ ಮಾಡಿಸಿ, ವಿಂಡೋಸ್ ಹೊಸದಾಗಿ ಹಾಕಿಸಿ, ಬೇರೆ ಸೌಂಡ್ ಕಾರ್ಡ್ ತಗೊಳ್ಳಿ. ನಮ್ಮ ಮನೆ ಕಂಪ್ಯೂಟರಿಗೂ ರಿಪೇರಿ ಅಂಗಡಿಯಲ್ಲಿ ಇದನ್ನೇ ಹೇಳಿದರು. ದುಡ್ಡು ಬಿಚ್ಚುವ ಮೊದಲು ಲೇಟೆನ್ಸಿಮಾನ್ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿ ನೋಡಿ ಅಂತ ನನ್ನ ಸಲಹೆ. ರೆಸ್‌ಪ್ಲೆಂಡೆನ್ಸ್ ಅನ್ನುವವರು ಮಾಡಿರುವುದು. ಮನೆ ಬಳಕೆಗೆ ದುಡ್ಡಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ.

ಹಾಡು ಯಾಕೆ ತುಂಡಾಗುತ್ತದೆ ಅಂತ ಸ್ವಲ್ಪ ಗೊತ್ತಿದ್ದರೆ ಇದು ಏನು ಮಾಡುತ್ತದೆ ಅನ್ನುವುದೂ ಅರ್ಥವಾಗುತ್ತದೆ. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು, ಇರುತ್ತವೆ. ವಿಂಡೋಸ್ ಇದನ್ನು ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ಕಂತುಗಳಲ್ಲಿ, ಅಂದರೆ ಒಂದು ಸಲಕ್ಕೆ 441ರಂತೆ, ಸೌಂಡ್ ಚಿಪ್‌ಗೆ ಕೊಡುತ್ತಾ ಹೋಗುತ್ತದೆ. ಮುಂದಿನ ಕಂತು ಹೊತ್ತಿಗೆ ಬರದಿದ್ದರೆ ಚಿಪ್ ಕಾಯುವುದಿಲ್ಲ. ಅಲ್ಲೇ ಹಾಡು ಕತ್ತರಿಸುತ್ತದೆ. ಅದಕ್ಕೇ ಫೂಬಾರ್‌ನಂಥ ಪ್ಲೇಯರ್‌ನಲ್ಲಿ ಬಫರ್ (ಮುಂಚೆಯೇ ತುಂಬಿಟ್ಟುಕೊಳ್ಳುವ ಹಾಡಿನ ಭಾಗ) ಎಷ್ಟು ಏರಿಸಿದರೂ ಕೆಲವು ಸಲ ಏನೂ ಉಪಯೋಗ ಆಗುವುದಿಲ್ಲ. ಸಂಪಿನ ತುಂಬ ನೀರಿದ್ದು ಮೋಟಾರೇ ಓಡದಿದ್ದರೆ ನಲ್ಲಿಯಲ್ಲಿ ನೀರು ಬರುತ್ತಾ?

ಮೋಟಾರ್ ನಿಲ್ಲಿಸುವುದು ಯಾರು ಅಂದರೆ, ಬಹಳ ಸಲ ಯಾವುದೋ ಒಂದು ಡ್ರೈವರ್, ಅಂದರೆ ಕಂಪ್ಯೂಟರಿನ ಒಂದು ಸಾಧನವನ್ನು ನಡೆಸುವ ಪ್ರೋಗ್ರಾಂ. ವೈಫೈ, ಗ್ರಾಫಿಕ್ಸ್, ಡಿಸ್ಕ್ ಇವುಗಳ ಡ್ರೈವರ್‌ಗಳು ಡಿಪಿಸಿ ಅನ್ನುವ ಕೆಲಸ (ಸಾಧನ ಕರೆದಾಗ ಬೇರೆಲ್ಲ ಪ್ರೋಗ್ರಾಂಗಿಂತ ಮೊದಲು ಮುಗಿಸುವ ತುರ್ತು ಕೆಲಸ) ಮಾಡುವಾಗ ಆ ಸಿಪಿಯು ಕೋರ್ ಪೂರ್ತಿ ಅವುಗಳದ್ದೇ. ಆಗ ಅಲ್ಲಿ ಬೇರೆ ಯಾವ ಪ್ರೋಗ್ರಾಮೂ ಓಡುವಂತಿಲ್ಲ, ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ಲೇಯರ್‌ಗೆ ಹೈ ಪ್ರಯಾರಿಟಿ ಕೊಟ್ಟಿದ್ದರೂ ಅಷ್ಟೇ. ಒಂದು ಡಿಪಿಸಿ 100 ಮೈಕ್ರೋಸೆಕೆಂಡ್ ದಾಟಬಾರದು ಅಂತ ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಹೇಳುತ್ತದೆ. ಕೆಟ್ಟ ಡ್ರೈವರ್ ಇದನ್ನು ಮಿಲಿಸೆಕೆಂಡುಗಟ್ಟಲೆ ಎಳೆಯುತ್ತದೆ. ಸಿಪಿಯು ಬಳಕೆ ಶೇ. 5 ಇದ್ದು, ರ‍್ಯಾಮ್ ಅರ್ಧ ಖಾಲಿ ಬಿದ್ದಿದ್ದರೂ ಹಾಡು ಒಡೆಯುವುದು ಹೀಗೆ.

ಲೇಟೆನ್ಸಿಮಾನ್ ಹಿಡಿದು ತೋರಿಸುವುದು ಇದನ್ನೇ. ತೆರೆದು ಹಸಿರು ಬಟನ್ ಒತ್ತಿ, ಹಾಡು ಹಾಕಿ, ಸುಮ್ನೆ ಬಿಟ್ಟುಬಿಡಿ. ಪರೀಕ್ಷೆಗೆ ನಾನು ಹಾಕುವುದು ತಂಬೂರಿ ಶ್ರುತಿ. ಡ್ರಮ್ಸ್, ತಾಳ ತುಂಬಿದ ಹಾಡಿನಲ್ಲಿ ಸಣ್ಣ ತುಂಡು ಕಿವಿಗೆ ಬೀಳದೆ ಹೋಗಬಹುದು, ಆದರೆ ಒಂದೇ ಸಮನೆ ಹರಿಯುವ ಶ್ರುತಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ತಕ್ಷಣ ಗೊತ್ತಾಗುತ್ತದೆ. ಟಪ್ ಅಂದ ಕೂಡಲೇ ಪರದೆ ನೋಡಿ. ಆ ಹೊತ್ತಿಗೇ ತಡ ಎಷ್ಟು ಅಂತ ತೋರಿಸುವ ಅಂಕಿ ಮೇಲೆ ಹಾರಿದ್ದರೆ ಡ್ರೈವರ್ ಮೇಲಿನ ಅನುಮಾನ ಗಟ್ಟಿಯಾಯಿತು. ಡ್ರೈವರ್ಸ್ ಅನ್ನುವ ಟ್ಯಾಬ್‌ಗೆ ಹೋಗಿ ಹೈಯೆಸ್ಟ್ ಎಕ್ಸಿಕ್ಯೂಷನ್ ಕಾಲಮ್ ಮೇಲೆ ಕ್ಲಿಕ್ ಮಾಡಿದರೆ ಯಾರು ಎಷ್ಟು ಹೊತ್ತು ಎಳೆದರು ಅನ್ನುವ ಪಟ್ಟಿ ಸಿಗುತ್ತದೆ.

ನಮ್ಮ ಕಂಪ್ಯೂಟರಿನಲ್ಲಿ ಪಟ್ಟಿಯ ಮೇಲೆ ಬಂದು ಕೂತಿದ್ದು ಎನ್‌ಡಿಐಎಸ್.ಸಿಸ್. ಇಲ್ಲಿ ಜಾಗ್ರತೆ ಬೇಕು. ಅದು ವಿಂಡೋಸ್‌ನದೇ ಫೈಲು, ಎಲ್ಲ ನೆಟ್‌ವರ್ಕ್ ಡ್ರೈವರ್‌ಗಳೂ ಅದರ ಮೂಲಕವೇ ಕೆಲಸ ಮಾಡುತ್ತವೆ. ತಪ್ಪು ಅದರದ್ದಲ್ಲ, ಕೆಳಗಿರುವ ಯಾವುದೋ ವೈಫೈ ಅಥವಾ ಲ್ಯಾನ್ ಡ್ರೈವರ್‌ನದು. ಗ್ರಾಫಿಕ್ಸ್ ಕಡೆಯ ಡಿಎಕ್ಸ್‌ಜಿಕೆಆರ್‌ಎನ್‌ಎಲ್.ಸಿಸ್, ಡಿಸ್ಕ್ ಕಡೆಯ ಸ್ಟೋರ್‌ಪೋರ್ಟ್.ಸಿಸ್ ಕಂಡರೂ ಇದೇ ಕಥೆ. ನಮ್ಮದರಲ್ಲಿ ಯುಎಸ್‌ಬಿ ವೈಫೈ ಡಾಂಗಲ್ ಕಿತ್ತು ಲ್ಯಾನ್ ಕೇಬಲ್ ಹಾಕಿದೆ. ಅಂಕಿ ಒಮ್ಮೆಲೇ ಇಳಿಯಿತು, ಶ್ರುತಿ ಎಲ್ಲೂ ಒಡೆಯಲಿಲ್ಲ. ಡಾಂಗಲ್ ಮತ್ತೆ ಚುಚ್ಚಿದರೆ ಟಪ್ ಟಪ್ ಹಾಜರ್. ಆಮೇಲೆ ಅದರ ಡ್ರೈವರ್ ಬದಲಿಸಿದೆ, ಈಗ ಕೇಬಲ್ ಇಲ್ಲದೆಯೂ ಚೆನ್ನಾಗಿದೆ. ಹೊಸ ರ‍್ಯಾಮ್ ಬೇಕಾಗಲಿಲ್ಲ, ಸೌಂಡ್ ಕಾರ್ಡೂ ಬೇಕಾಗಲಿಲ್ಲ.

ಮೊದಲು ಡಿಪಿಸಿ ಲೇಟೆನ್ಸಿ ಚೆಕ್ಕರ್ ಅಂತ ಥೆಸಿಕಾನ್‌ನವರ ಪ್ರೋಗ್ರಾಂ ಒಂದಿತ್ತು. ಅದು ತಡ ಆಗುತ್ತಿದೆ ಅಂತ ಹೇಳುತ್ತಿತ್ತೇ ಹೊರತು ಯಾರಿಂದ ಅಂತ ಹೇಳುತ್ತಿರಲಿಲ್ಲ. ವಿಂಡೋಸ್ 8 ಬಂದ ಮೇಲಂತೂ ಅದರ ಅಂಕಿಗಳನ್ನು ನಂಬುವ ಹಾಗಿಲ್ಲ. ಲೇಟೆನ್ಸಿಮಾನ್ ಹೆಸರು ಹಿಡಿದು ಹೇಳುತ್ತದೆ, ನನಗೆ ಇದು ದೊಡ್ಡ ಉಪಕಾರ.

ಕೊರತೆ ಇಲ್ಲ ಅಂತಲ್ಲ. ಮುಖ್ಯ ಪರದೆ ಹೆಚ್ಚಾಗಿ ಎತ್ತಿ ತೋರಿಸುವುದು ಎಲ್ಲಕ್ಕಿಂತ ಜಾಸ್ತಿ ಆದ ಅಂಕಿಗಳನ್ನು. ಅರ್ಧ ಗಂಟೆಯಲ್ಲಿ ಒಂದೇ ಒಂದು ಸಲ ಏರಿದರೂ ನಿಮ್ಮ ಸಿಸ್ಟಮ್‌ಗೆ ತೊಂದರೆ ಇದೆ ಅನ್ನುವ ಎಚ್ಚರಿಕೆ ಕೊನೆವರೆಗೂ ಹೋಗುವುದಿಲ್ಲ, ನೋಡಿದವರಿಗೆ ಸುಮ್ನೆ ಗಾಬರಿ. ಪದೇಪದೇ ಏರುತ್ತಿದೆಯಾ ಅನ್ನುವುದೇ ನೋಡಬೇಕಾದ್ದು. ಹಾರ್ಡ್ ಪೇಜ್‌ಫಾಲ್ಟ್ ಅಂತ ಇನ್ನೊಂದು ಅಂಕಿ ಇದೆ (ಬೇಕಾದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾಗಿ ಬಂದ ಸಲಗಳ ಲೆಕ್ಕ), ಅದು ಸೊನ್ನೆ ಇಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ವರದಿ ಉದ್ದದ ಇಂಗ್ಲಿಷ್‌ನಲ್ಲಿರುತ್ತದೆ, ಮನೆಯ ಹಿರಿಯರಿಗೆ ಕೊಟ್ಟರೆ ಒಂದು ಸಾಲೂ ಉಪಯೋಗಕ್ಕೆ ಬರುವುದಿಲ್ಲ. ಆದರೆ ಆ ವರದಿಯಲ್ಲಿ ಬರುವ ಸಲಹೆಗಳು ಒಳ್ಳೆಯವೇ: ವೈಫೈ ನಿಲ್ಲಿಸಿ ನೋಡಿ, ಸಿಪಿಯು ವೇಗ ಇಳಿಸುವ ಪವರ್ ಸೆಟ್ಟಿಂಗ್ ತೆಗೆಯಿರಿ, ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಅಪ್‌ಡೇಟ್ ಇದೆಯಾ ನೋಡಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್‌ಗೆ ಇಟ್ಟರೇ ಸರಿಹೋಗುವ ಕಂಪ್ಯೂಟರ್‌ಗಳೂ ಇವೆ, ಕರೆಂಟ್ ಸ್ವಲ್ಪ ಜಾಸ್ತಿ ಎಳೆಯಬಹುದು.

ಎಲ್ಲದಕ್ಕೂ ಇದೇ ಮದ್ದಲ್ಲ. ಹಾಡು ಪ್ರತಿ ಸಲ ಅದೇ ಜಾಗದಲ್ಲಿ ತುಂಡಾಗುತ್ತಿದ್ದರೆ ಫೈಲೇ ಹಾಳಾಗಿದೆ. ಆನ್‌ಲೈನ್ ಹಾಡು ಮಾತ್ರ ನಿಂತು ನಿಂತು ಬರುತ್ತಿದ್ದರೆ ನೆಟ್ ನೋಡಿಸಿ. ಬ್ಲೂಟೂತ್ ಸ್ಪೀಕರ್‌ನಲ್ಲಿ ಮಾತ್ರ ತೊಂದರೆಯಿದ್ದು, ಬ್ಲೂಟೂತ್ ಡಾಂಗಲ್ ಪಕ್ಕದ ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಹಾರ್ಡ್‌ಡಿಸ್ಕ್ ಹಾಕಿದ್ದರೆ ಅದರಿಂದ ಹೊರಡುವ ರೇಡಿಯೋ ಗದ್ದಲ ಬ್ಲೂಟೂತ್‌ನ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಅಡ್ಡ ಬರಬಹುದು. ಡಾಂಗಲ್‌ಗೆ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟು ನೋಡಿ.

ಯಾವ ಡ್ರೈವರ್ ಅಂತ ಖಚಿತ ಮಾಡಿಕೊಳ್ಳಲು ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೊಂದೇ ಸಾಧನ ಡಿಸೇಬಲ್ ಮಾಡುತ್ತಾ ಅಂಕಿ ಗಮನಿಸಿ. ಡಿಸ್ಕ್ ಮತ್ತು ಸಿಸ್ಟಮ್ ಡಿವೈಸ್‌ಗಳ ತಂಟೆಗೆ ಮಾತ್ರ ಹೋಗಬೇಡಿ. ಲೇಟೆನ್ಸಿಮಾನ್‌ನದೇ ದುಡ್ಡು ಕೊಟ್ಟು ಕೊಳ್ಳುವ ಪ್ರೊ ಆವೃತ್ತಿಯೂ ಇದೆ, ಮನೆಯಲ್ಲಿ ಹಾಡು ಕೇಳುವವರಿಗೆ ಅದು ಬೇಡ.